ಗಾರೆ ಕೆಲಸದಲ್ಲಿ ಗಾರೆಯೇ ಇಲ್ಲದ ಊರು

ಮೈಸೂರಿನಲ್ಲಿ ಬೆಳಗಿನ ಹೊತ್ತು ಬಾಂಡ್ಲಿ, ಕರಣೆ ಹಿಡಿದು ಹೊರಟವರನ್ನು ಏನು ಕೆಲಸ ಎಂದು ಕೇಳಿದರೆ ಇವತ್ತಿಗೂ ಸಿಗುವ ಉತ್ತರ ‘ಗಾರೆ ಕೆಲಸ’. ಸಂಜೆಯವರೆಗೆ ಅವರು ಕಲಸುವುದು ಮಾತ್ರ ಸಿಮೆಂಟು, ಎಂ-ಸ್ಯಾಂಡ್. ಗಾರೆಯೆಂದರೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಕಲ್ಲಿನ ಗಾಲಿಯಡಿ ಅರೆದ ಸಾಮಗ್ರಿ. ಅದನ್ನು ಅರೆಯುತ್ತಿದ್ದ ಎತ್ತಿನ ಗಾಣಗಳು ಹೋಗಿ ತಲೆಮಾರುಗಳೇ ಕಳೆದವು. ಹೆಸರು ಮಾತ್ರ ಕಸುಬಿಗೆ ಅಂಟಿಕೊಂಡು ಕೂತಿದೆ, ಒಳ್ಳೆಯ ಗಾರೆ ಇಟ್ಟಿಗೆಗೆ ಅಂಟಿಕೊಂಡ ಹಾಗೆ.

ಊರಿನ ಕಟ್ಟಡಗಳು ಅಲ್ಲಿನ ಜನರ ಸಂಸ್ಕೃತಿಯನ್ನು ರೂಪಿಸುತ್ತವೆ ಎನ್ನುವಾಗ ಗುಮ್ಮಟ, ಗೋಪುರ, ದೀಪಾಲಂಕಾರಗಳ ಚಿತ್ರವೇ ಮೊದಲು ಕಣ್ಣಿಗೆ ಬರುತ್ತದೆ. ಮೈಸೂರಿನ ಮಟ್ಟಿಗೆ ಈ ನಂಟನ್ನು ಹುಡುಕಬೇಕಾದ ಜಾಗ ಬೇರೆ: ಗೋಡೆಯ ಒಳಮೈ, ತೊಲೆಯ ತುದಿ, ಅಂಗಡಿಯ ಅಗಲ, ಕಮಾನಿನ ಕೆಳಗಿನ ನೆರಳು. ಈ ಊರಿನ ಹಳೆಯ ಕಟ್ಟಡಗಳು ಒಂದೊಂದಾಗಿ ಕುಸಿಯತೊಡಗಿದ ಮೇಲೆ ಅದು ಇನ್ನಷ್ಟು ಸ್ಪಷ್ಟವಾಗಿದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ. ಮೈಸೂರು ಬಹಳ ಹಳೆಯ ಊರು ಎಂಬ ಭಾವನೆ ನಮ್ಮಲ್ಲಿದೆ. ಹೆಸರು ಹಳೆಯದು ನಿಜ, ಕಣ್ಣಿಗೆ ಕಾಣುವ ಊರಿಗೆ ಅಂಥ ವಯಸ್ಸೇನೂ ಆಗಿಲ್ಲ. ಟಿಪ್ಪು ಸುಲ್ತಾನ್ ಇಲ್ಲಿನ ಹಳೆಯ ಕೋಟೆಯನ್ನು ಕೆಡವಿಸಿ, ಪಕ್ಕದಲ್ಲೇ ನಜರಬಾದ್ ಎಂಬ ಹೊಸ ಕೋಟೆ ಕಟ್ಟಿಸಲು ಶುರುಮಾಡಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ರಾಜಧಾನಿ ಮೈಸೂರಿಗೆ ಮರಳಿದಾಗ ಆ ಕಲ್ಲುಗಳನ್ನೇ ವಾಪಸು ಹೊತ್ತು ತಂದು ಕೋಟೆ ಕಟ್ಟಿದರು. ಅಲ್ಲಿಂದಾಚೆಗೂ ನೂರು ವರ್ಷ ಊರು ಬೆಳೆದದ್ದು ನಿಧಾನವಾಗಿ. 1882ರಲ್ಲಿ ಬೆಂಗಳೂರಿನಿಂದ ರೈಲು ಬಂತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಅರಮನೆ ಸುಟ್ಟುಹೋಯಿತು. ಅದರ ಬೆನ್ನಿಗೇ ಪ್ಲೇಗ್. ಬೆಂಕಿ ಮತ್ತು ಪ್ಲೇಗ್, ಇವೆರಡೇ ಇವತ್ತಿನ ಮೈಸೂರಿನ ನಿಜವಾದ ಶಿಲ್ಪಿಗಳು ಎಂದರೂ ತಪ್ಪಿಲ್ಲ. ಬೆಂಕಿಯಿಂದ ಹೊಸ ಅರಮನೆ ಬಂತು. ಪ್ಲೇಗಿನಿಂದ ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಕನ್ಸರ್ವೆನ್ಸಿ ಓಣಿ, ಗಾಳಿ ಬೆಳಕಿನ ಹೊಸ ಬಡಾವಣೆಗಳು ಬಂದವು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯೂ ಹುಟ್ಟಿತು. ಇಷ್ಟೆಲ್ಲ ಹೊಸದಾಗಿದ್ದರೂ ಬಡಾವಣೆಗಳ ಹೆಸರುಗಳಲ್ಲಿ ಮೂರು ಕಾಲದ ಪದರಗಳು ಒಟ್ಟಿಗೇ ಕೂತಿವೆ: ಅಗ್ರಹಾರ, ಲಷ್ಕರ್ ಮೊಹಲ್ಲಾ, ಲಕ್ಷ್ಮೀಪುರಂ. ದೇವರಾಜ ಮೊಹಲ್ಲಾ ಎನ್ನುವಾಗ ಅರಸನ ಹೆಸರಿಗೆ ಉರ್ದು ಮಾತು ಸೇರಿಕೊಂಡಿದ್ದು ಯಾರಿಗೂ ಕಿವಿಗೆ ತಟ್ಟುವುದೇ ಇಲ್ಲ.

ಇನ್ನು ದಸರಾ. ಹಂಪಿಗೆ ಹೋದವರೆಲ್ಲ ಮಹಾನವಮಿ ದಿಬ್ಬ ಹತ್ತಿರುತ್ತಾರೆ. ಮೂರು ಹಂತದ ಕಲ್ಲಿನ ಜಗತಿ, ಸುತ್ತ ಆನೆ, ಕುದುರೆ, ಬೇಟೆ, ಕುಣಿತದ ಸಾಲು ಕೆತ್ತನೆ. ಹದಿನಾರನೇ ಶತಮಾನದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ನೋಡಿ ಬರೆದ ಉತ್ಸವ ನಡೆದದ್ದು ಅಲ್ಲೇ. 1565ರಲ್ಲಿ ವಿಜಯನಗರ ಬಿದ್ದ ನಂತರ ದಿಬ್ಬ ಅಲ್ಲೇ ಉಳಿಯಿತು, ಹಬ್ಬ ಹೊರಟುಹೋಯಿತು. ರಾಜ ಒಡೆಯರು 1610ರಲ್ಲಿ ಅದನ್ನು ಶ್ರೀರಂಗಪಟ್ಟಣದಲ್ಲಿ ಹಿಡಿದು ನಿಲ್ಲಿಸಿದರು, 1799ರ ಮೇಲೆ ಅದು ಮೈಸೂರಿಗೆ ಬಂತು. ಹೀಗೆ ಬಂದ ಹಬ್ಬಕ್ಕೆ ಇಲ್ಲಿ ದಿಬ್ಬವೇನೂ ಇರಲಿಲ್ಲ. ಆದ್ದರಿಂದ ಊರೇ ದಿಬ್ಬವಾಗಬೇಕಾಯಿತು. ಅರಮನೆಯಿಂದ ಹೊರಟ ಜಂಬೂ ಸವಾರಿ ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ ದಾಟಿ, ದಿವಾನ್ ಪೂರ್ಣಯ್ಯನ ನಾಲೆ ಮುಚ್ಚಿ ಮಾಡಿದ ಸಯ್ಯಾಜಿರಾವ್ ರಸ್ತೆ ಹಿಡಿದು, ದೇವರಾಜ ಮಾರುಕಟ್ಟೆ, ಆಯುರ್ವೇದ ಆಸ್ಪತ್ರೆ ವೃತ್ತದ ಮೂಲಕ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ಸಾಗುತ್ತದೆ. 750 ಕೆಜಿ ತೂಕದ ಅಂಬಾರಿ ಹೊತ್ತ ಆನೆ ನಡೆಯುವ ವೇಗದಲ್ಲಿ, ಮೊದಲ ಮಹಡಿಯ ಕಣ್ಣಿನ ಮಟ್ಟದಲ್ಲಿ ನೋಡಲು ಹೇಳಿ ಮಾಡಿಸಿದ ಬೀದಿ ಅದು. ಕೆಳಗೆ ಕಮಾನು ಸಾಲು, ಮೇಲೆ ಸಾಲು ಕಿಟಕಿ, ಅದರ ಮೇಲೆ ಕೈಪಿಡಿ ಗೋಡೆಯ ತಾರಸಿ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅಂಗಡಿ ಸಾಲು, ಒಂದು ದಿನ ಪ್ರೇಕ್ಷಕರ ಗ್ಯಾಲರಿ.

ಆ ಒಂದು ದಿನದ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಜನ ಓಡಾಡುವ ಸಾಮಾನ್ಯ ತಾರಸಿಗೆ ಎಂಜಿನಿಯರುಗಳು ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕೆಜಿ. ಜನ ಒತ್ತಾಗಿ ನಿಲ್ಲುವ ಸಭಾಂಗಣಕ್ಕೆ 500 ಕೆಜಿ. ಮೆರವಣಿಗೆಯ ದಿನ ಹಳೆಯ ತಾರಸಿಯ ಮೇಲೆ ಬೀಳುವುದು ಈ ಎರಡನೆಯ ಲೆಕ್ಕ, ಅದೂ ಒಂದೇ ಅಂಚಿನಲ್ಲಿ, ಎಲ್ಲರೂ ಒಮ್ಮೆಗೇ ಮುಂದಕ್ಕೆ ಬಾಗಿದಾಗ. ಶಿಥಿಲ ಕಟ್ಟಡಗಳ ಮೇಲೆ ಹತ್ತಬೇಡಿ ಎಂದು ದಸರೆಯ ಹೊತ್ತಿಗೆ ಕೊಡುವ ಎಚ್ಚರಿಕೆಯನ್ನು ಉತ್ಸಾಹ ಕುಗ್ಗಿಸುವ ಮಾತೆಂದು ಗೊಣಗುವವರು ಈ ಅಂಕಿಯನ್ನು ನೆನಪಿಟ್ಟರೆ ಒಳ್ಳೆಯದು.

ಮೈಸೂರಿನ ಈ ಕಟ್ಟಡಗಳ ಶೈಲಿ ಯಾರದು ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಅರಮನೆಯ ನಕ್ಷೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯದು. ಕಟ್ಟಿಸಿದವರು ಆಗ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರು. 1912ರಲ್ಲಿ ಮುಗಿಯುವ ಹೊತ್ತಿಗೆ ಆದ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಗುಮ್ಮಟ ಇಸ್ಲಾಮೀ ಮಾದರಿ, ಛತ್ರಿಗಳು ರಜಪೂತರವು, ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಇಷ್ಟಾದರೂ ಒಳಗೆ ಕಾಲಿಟ್ಟರೆ ಸಿಗುವ ಹೆಸರುಗಳು ಗೊಂಬೆ ತೊಟ್ಟಿ, ಆನೆ ಬಾಗಿಲು, ಅಂಬಾವಿಲಾಸ. ತೊಟ್ಟಿ ಎಂದರೆ ಹಳೇ ಮೈಸೂರು ಸೀಮೆಯ ಮನೆಯ ನಡುವಿನ ಬಯಲಂಗಳ, ಮಳೆನೀರು ನೇರ ಒಳಗೆ ಬೀಳುವ ಜಾಗ. ವಿದೇಶಿ ಕಬ್ಬಿಣದ ಕೆಳಗೆ ಮನೆಯ ಲೆಕ್ಕಾಚಾರ ಹಾಗೇ ಉಳಿದಿತ್ತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ 75 ಅಡಿಯ ದೊಡ್ಡ ಗಡಿಯಾರದಲ್ಲೂ ಇದೇ ಬುದ್ಧಿ ಕಾಣುತ್ತದೆ. ಗೋಪುರದ ಕಲ್ಪನೆ ಎಲ್ಲಿಯದಾದರೂ ಆಗಲಿ, ಮುಖದ ಮೇಲಿನ ಅಂಕಿಗಳು ಕನ್ನಡದವು. ಹೊತ್ತು ನೋಡಲು ತಲೆಯೆತ್ತಿದವರಿಗೆ ೧, ೨, ೩ ಕಂಡದ್ದು ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡಿರಬೇಕು. (ಆಗ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಮುಂದೆ ಜೈಪುರಕ್ಕೆ ಹೋದರು, ಅಲ್ಲಿನ ದೊಡ್ಡ ಪೇಟೆಬೀದಿಗೆ ಇಂದಿಗೂ ಅವರದೇ ಹೆಸರು. ಮೈಸೂರಿನ ಪಾಠ ರಾಜಸ್ಥಾನದವರೆಗೂ ಹೋದ ಕಥೆ ಅದು.)

ಮಾರುಕಟ್ಟೆಯ ಕಡೆ ಬಂದರೆ ವಿಷಯ ಇನ್ನೂ ಗಟ್ಟಿ. ದೇವರಾಜ ಮಾರುಕಟ್ಟೆಯನ್ನು ಫೋಟೋ ತೆಗೆಯುವವರು ಕುಂಕುಮದ ಗುಡ್ಡೆಗಳಿಗಾಗಿ ಹುಡುಕಿ ಹೋಗುತ್ತಾರೆ. ಕಟ್ಟಡವನ್ನು ನೋಡುವವರು ಕಡಿಮೆ. ಅದರ ತತ್ವ ಸರಳ: ಹೊರಗೆ ರಸ್ತೆಗೆ ಮುಖ ಮಾಡಿದ ಅಂಗಡಿ ಸಾಲು, ಒಳಗೆ ಬಯಲಿಗೆ ಮುಖ ಮಾಡಿದ ಇನ್ನೊಂದು ಸಾಲು, ನಡುವೆ ಕಟ್ಟೆಗಳು. ಅಂದರೆ ಇದೂ ಒಂದು ದೊಡ್ಡ ತೊಟ್ಟಿ ಮನೆಯೇ. ಅಂಗಡಿಯೊಂದರ ಅಗಲ ಎರಡು ಗೋಡೆಗಳ ಮೇಲೆ ಮರದ ತೊಲೆ ಎಷ್ಟು ದೂರ ಸುರಕ್ಷಿತವಾಗಿ ಹಾಯಬಲ್ಲದೋ ಅಷ್ಟು. ಆ ಅಳತೆಯೇ ವ್ಯಾಪಾರದ ಅಳತೆಯಾಯಿತು. ಒಬ್ಬನೇ ಕೂತು ಎರಡೂ ಕಡೆಯ ಕಪಾಟಿಗೆ ಕೈ ಚಾಚಬಹುದು. ಹೂವಿನ ಕಟ್ಟೆಯ ಮೇಲೆ ಕೂತವಳ ಮೊಣಕೈ ಕೊಳ್ಳುವವಳ ಕಣ್ಣಿನ ಮಟ್ಟದಲ್ಲಿರುತ್ತದೆ. ಮೊಳ, ಮಾರು ಅಳೆಯುವಾಗ ಯಾರ ಕೈ ಗಿಡ್ಡ, ಯಾರ ಕೈ ಉದ್ದ ಎಂಬ ಜಗಳವೂ ತಮಾಷೆಯೂ ಹುಟ್ಟುವುದು ಈ ಎತ್ತರದ ದೆಸೆಯಿಂದಲೇ. ವೀಳ್ಯದೆಲೆ ಬಿಸಿಲು ಕಂಡರೆ ಬಾಡುತ್ತದೆ. ದಪ್ಪ ಗೋಡೆ, ಸುಣ್ಣದ ಚಾವಣಿಯ ಕೆಳಗಿನ ತಂಪಿನಲ್ಲಿ ಒದ್ದೆ ಗೋಣಿ ಹೊದಿಸಿದ ಕವಳಿಗೆಗಳು ಮಧ್ಯಾಹ್ನವನ್ನು ತಡೆದುಕೊಳ್ಳುತ್ತವೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೆಳೆಯುವ ಮಣ್ಣಿಗೆ ಕೊಟ್ಟ ಆ ಮಾನ್ಯತೆಯಲ್ಲಿ ಒಂದು ಪಾಲು ಇವು ಬಾಡದೆ ಮಾರಾಟವಾದ ನೆರಳಿಗೂ ಸಲ್ಲಬೇಕು.

ಹೊರಗಿನ ಕಮಾನು ಸಾಲಿನದು ಬೇರೆಯೇ ಉಪಕಾರ. ಮಳೆ ಬಂದರೆ ನಿಲ್ಲಲು ಯಾರ ಅಪ್ಪಣೆಯೂ ಬೇಡದ ಜಾಗ ಅದು. ಅಂಗಡಿಯೂ ಅಲ್ಲ, ರಸ್ತೆಯೂ ಅಲ್ಲದ ಆ ಎಂಟು ಹತ್ತು ಅಡಿಯಲ್ಲಿ ಹಳೆಯ ಪುಸ್ತಕ ಹರಡಿಕೊಂಡವರು, ರಬ್ಬರ್ ಸ್ಟ್ಯಾಂಪ್ ಮಾಡುವವರು, ಬೀಗ ರಿಪೇರಿಯವರು ಬದುಕು ಕಟ್ಟಿಕೊಳ್ಳುತ್ತಾರೆ. ಹೊಸ ವಾಣಿಜ್ಯ ಸಂಕೀರ್ಣಗಳಲ್ಲಿ ಈ ಅಡಿಗಳನ್ನು ‘ವ್ಯರ್ಥ ಜಾಗ’ ಎಂದು ಲೆಕ್ಕ ಹಾಕಿ ಅಂಗಡಿಯೊಳಗೆ ಸೇರಿಸಿಬಿಡುತ್ತಾರೆ.

ಗಾರೆ ಆಗುವ ಬಗೆ

ಈ ಕಟ್ಟಡಗಳು ಏಕೆ ಕುಸಿದವು ಎಂದು ತಿಳಿಯಬೇಕಾದರೆ ಅವು ಯಾವುದರಿಂದ ನಿಂತಿದ್ದವು ಎಂಬುದು ಗೊತ್ತಿರಬೇಕು.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಶುದ್ಧ ಕಲ್ಲು 100 ಕೆಜಿ ಇದ್ದರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗಿ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಕೊತಕೊತ ಕುದಿದು ಅರಳುತ್ತದೆ. 18 ಕೆಜಿ ನೀರನ್ನು ಕುಡಿದು 74 ಕೆಜಿ ಆಗುತ್ತದೆ. ಲೆಕ್ಕದಲ್ಲಿ 18 ಕೆಜಿಯಾದರೂ ಹಬೆಯಾಗಿ ಹೋಗುವುದೇ ಬಹಳವಾದ್ದರಿಂದ ಹಾಕುವ ನೀರು ಅದರ ಎರಡು ಮೂರು ಪಟ್ಟು. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಗುಂಡಿಯಲ್ಲಿ ಮೇಲೆ ಒಂದು ಗೇಣು ನೀರು ನಿಲ್ಲಿಸಿ, ಕನಿಷ್ಠ ಎರಡು ಮೂರು ವಾರ ಬಿಡಬೇಕು. ಹೆಚ್ಚು ದಿನ ಇಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಅವಸರ ಮಾಡಿದರೆ ಅರಳದ ಕಾಳುಗಳು ಗೋಡೆಗೆ ಹೋದ ಮೇಲೆ ಅರಳುತ್ತವೆ, ಗಿಲಾವು ಮೊಡವೆಯಂತೆ ಉಬ್ಬಿ ಸಿಡಿಯುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಪುಡಿ ಸುಣ್ಣದ ಚೀಲ ನಂಬುವ ಮುನ್ನ ಒಂದು ಚಮಚಕ್ಕೆ ದುರ್ಬಲ ಆಮ್ಲ ಹಾಕಿ ನೋಡಬೇಕು. ಜೋರಾಗಿ ನೊರೆ ಬಂದರೆ ಅದು ಆಗಲೇ ಗಾಳಿ ಕುಡಿದು ಕಲ್ಲಾಗಿದೆ, ಮತ್ತೆ ಕಚ್ಚುವುದಿಲ್ಲ.

ಸುಣ್ಣ ಒಂದು ಪಾಲಿಗೆ ಮರಳು ಎರಡರಿಂದ ಮೂರು ಪಾಲು. ತೇವ ತಾಗುವ ಕಡೆ ಮರಳಿನ ಒಂದು ಭಾಗದ ಬದಲು ಸುರ್ಕಿ, ಅಂದರೆ ಹದವಾಗಿ ಬೆಂದ ಇಟ್ಟಿಗೆಯ ಪುಡಿ. ವಿಪರೀತ ಬೆಂದು ಕಪ್ಪಾದ ಇಟ್ಟಿಗೆಯ ಪುಡಿ ಇದಕ್ಕೆ ಬರುವುದಿಲ್ಲ, ಅದು ಸುಣ್ಣದ ಜತೆ ಬೆರೆತು ಕಚ್ಚದು. ಇವೆಲ್ಲವನ್ನೂ ಕಾಲುವೆಯಂಥ ಗಾಣದಲ್ಲಿ ಹಾಕಿ ಎತ್ತುಗಳು ನೂರಾರು ಸುತ್ತು ಕಲ್ಲಿನ ಗಾಲಿ ಎಳೆಯುತ್ತಿದ್ದವು. ಸಲಿಕೆಯಲ್ಲಿ ಕಲಸಿದ್ದಕ್ಕೂ ಗಾಣದಲ್ಲಿ ಅರೆದದ್ದಕ್ಕೂ ಇರುವ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅರೆದದ್ದು ಕರಣೆಗೆ ಅಂಟಿ ನಿಲ್ಲುತ್ತದೆ, ಕಲಸಿದ್ದು ಜಾರುತ್ತದೆ.

ಗಾರೆ ಒಣಗಿ ಗಟ್ಟಿಯಾಗುತ್ತದೆ ಎಂಬುದು ಅರ್ಧ ಸತ್ಯ. ಕಳೆದುಕೊಂಡ ಆ 44 ಕೆಜಿಯನ್ನು ಗಾಳಿಯಿಂದ ವಾಪಸು ಹೀರಿ ಅದು ಮತ್ತೆ ಕಲ್ಲಾಗಬೇಕು. ಈ ಕೆಲಸ ಹೊರಮೈಯಿಂದ ಒಳಕ್ಕೆ, ಸುಮಾರು ತಿಂಗಳಿಗೆ ಒಂದು ಮಿಲಿಮೀಟರಿನಂತೆ ಸಾಗುತ್ತದೆ. ಅದಕ್ಕೆ ಸ್ವಲ್ಪ ತೇವವೂ ಬೇಕು. ಆದ್ದರಿಂದಲೇ ಒಂದು ಪದರ 10–12 ಮಿಲಿಮೀಟರಿಗಿಂತ ದಪ್ಪ ಬಳಿಯಬಾರದು, ಬಿಸಿಲಿಗೆ ಬಿಡದೆ ಗೋಣಿ ತಟ್ಟು ಕಟ್ಟಿ ನೀರು ಚಿಮುಕಿಸಬೇಕು. ಕೆಲಸ ಎಷ್ಟಾಗಿದೆ ಎಂದು ನೋಡಲು ಫಿನಾಲ್ಫ್ತಲೀನ್ ದ್ರಾವಣದ ಒಂದು ಹನಿ ಸಾಕು. ಹೊಸದಾಗಿ ಮುರಿದ ತುಂಡಿನ ಮೇಲೆ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಆ ಭಾಗ ಇನ್ನೂ ಸುಣ್ಣ. ಬಣ್ಣ ಬಾರದಿದ್ದರೆ ಕಲ್ಲಾಗಿದೆ. ಶಾಲೆಯ ಪ್ರಯೋಗಾಲಯದ ಆ ಪುಟ್ಟ ಸೀಸೆ ಹಳೆಯ ಕಟ್ಟಡದ ಕೆಲಸದಲ್ಲಿ ಎಂಥ ದುಬಾರಿ ಯಂತ್ರಕ್ಕೂ ಕಡಿಮೆಯಲ್ಲ.

ಗೋಡೆಯ ಮೇಲೆ ಕೂರುವುದು ಮದ್ರಾಸ್ ತಾರಸಿ. ಒಂದರಿಂದ ಒಂದೂವರೆ ಅಡಿಗೊಂದು ಮರದ ತೊಲೆ. ಅದರ ಮೇಲೆ ಆರು ಇಂಚು ಉದ್ದ, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ತಾರಸಿ ಇಟ್ಟಿಗೆಗಳನ್ನು ನಿಲ್ಲಿಸಿ, ತೊಲೆಗೆ ಓರೆಯಾಗಿ ಗಾರೆಯಲ್ಲಿ ಜೋಡಿಸುತ್ತಾರೆ. ಕೆಳಗೆ ಹಲಗೆಯ ಆಸರೆಯೇ ಇಲ್ಲದೆ, ಒಂದು ಇಟ್ಟಿಗೆ ಇನ್ನೊಂದಕ್ಕೆ ಅಂಟಿಕೊಂಡು ಗಾಳಿಯಲ್ಲೇ ಮುಂದುವರಿಯುತ್ತದೆ. ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮೂರು ನಾಲ್ಕು ಇಂಚು ಕಾಂಕ್ರೀಟು. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಅಳಲೆಕಾಯಿ, ಬೆಲ್ಲ ನೆನೆಸಿದ ನೀರನ್ನು ಚಿಮುಕಿಸುತ್ತಿದ್ದರು. ಕೊಡತಿ ಗುರುತು ಬೀಳದೆ ಪುಟಿದು ಬರತೊಡಗಿದರೆ ಸಾಕಾಯಿತು ಎಂದು ಅರ್ಥ. ಕೊನೆಗೆ ಚಪ್ಪಟೆ ಹೆಂಚು, ಸಂದಿಗೆ ನಯವಾದ ಗಾರೆ, ನೀರು ಹರಿಯಲು ವಾಟ. ಇಡೀ ತಾರಸಿಯ ಸ್ವಂತ ತೂಕ ಚದರ ಮೀಟರಿಗೆ 350ರಿಂದ 400 ಕೆಜಿಯಷ್ಟಾಗುತ್ತದೆ. ಭಾರಿ ತೂಕ. ಅದಕ್ಕೇ ಕೆಳಗಿನ ಕೋಣೆ ಏಪ್ರಿಲ್ಲಿನಲ್ಲೂ ತಂಪು.

ಎಲ್ಲಿ ತಪ್ಪಿತು

1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. ತಿಂಗಳುಗಳನ್ನು ಗಮನಿಸಿ: ಮೂರೂ ಮಳೆಗಾಲದ ನಡುವೆ ಇಲ್ಲವೇ ಕೊನೆಗೆ. ಒಂದೊಂದು ಕುಸಿತದ ಕಾರಣವನ್ನು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಇಂಥ ಕಟ್ಟಡಗಳು ಸಾಯುವ ದಾರಿ ಮಾತ್ರ ಎಲ್ಲ ಊರಲ್ಲೂ ಹೆಚ್ಚು ಕಡಿಮೆ ಒಂದೇ.

ಶುರುವಾಗುವುದು ತಾರಸಿಯ ಮೂಲೆಯಲ್ಲಿ. ಕಸ ಸಿಕ್ಕಿ ಮಳೆನೀರಿನ ಕೊಳವೆ ಕಟ್ಟುತ್ತದೆ. ನಿಂತ ನೀರು ಗೋಡೆಯೊಳಗೆ ಇಳಿದು ತೊಲೆಯ ತುದಿಗೆ ಮುಟ್ಟುತ್ತದೆ. ತೊಲೆಯ ಹೊಟ್ಟೆ ಭಾಗ ಕಬ್ಬಿಣದಂತಿದ್ದರೂ ಗೋಡೆಯಲ್ಲಿ ಹುದುಗಿದ ಆರೇಳು ಇಂಚು ಗಾಳಿಯಾಡದೆ ಕುಂಬಾಗಿರುತ್ತದೆ. ಕೆಳಗಿನಿಂದ ನೋಡಿದವರಿಗೆ ಏನೂ ಕಾಣದು. ಸೋರಿಕೆ ಶುರುವಾದಾಗ ಮಾಡುವ ಸುಲಭದ ಉಪಾಯವೆಂದರೆ ಮೇಲೊಂದು ಪದರ ಸಿಮೆಂಟು ಕಾಂಕ್ರೀಟು. 75 ಮಿಲಿಮೀಟರ್ ಹಾಕಿದರೂ ಚದರ ಮೀಟರಿಗೆ 180 ಕೆಜಿ ಹೆಚ್ಚುವರಿ. ಕುಂಬಾದ ತುದಿಯ ಮೇಲೆ ಮೊದಲಿನ ತೂಕದ ಅರ್ಧದಷ್ಟು ಹೊಸ ಹೊರೆ. ಅದರ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇಟ್ಟರೆ ಇನ್ನೊಂದು ಟನ್, ಅದೂ ಒಂದೇ ಕಡೆ.

ಗೋಡೆಗೆ ಸಿಮೆಂಟು ಗಿಲಾವು ಮಾಡಿದಾಗಿನ ಅನಾಹುತ ಇನ್ನೂ ಸೂಕ್ಷ್ಮ. ಹಳೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಉಸಿರುಬಿಟ್ಟು ಒಣಗುವ ಜೀವಿ. ಸಿಮೆಂಟು, ಅದರ ಮೇಲಿನ ಪ್ಲಾಸ್ಟಿಕ್ ಬಣ್ಣ ಎರಡೂ ಸೇರಿ ಮೂಗು ಮುಚ್ಚುತ್ತವೆ. ಒಳಗೆ ಉಳಿದ ತೇವದೊಡನೆ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ತಳ್ಳುತ್ತದೆ. ಎರಡು ಮೂರು ವರ್ಷದಲ್ಲಿ ಗಿಲಾವು ಹಪ್ಪಳದಂತೆ ಎದ್ದು ಬಿದ್ದಾಗ ಇಟ್ಟಿಗೆಯ ಅರ್ಧ ಇಂಚನ್ನೂ ಕಿತ್ತುಕೊಂಡೇ ಬೀಳುತ್ತದೆ. ‘ಹಳೇ ಇಟ್ಟಿಗೆ ಸತ್ವ ಕಳೆದುಕೊಂಡಿದೆ’ ಎಂದು ಷರಾ ಬರೆದು ಇನ್ನೂ ಗಟ್ಟಿ ಸಿಮೆಂಟು ಬಳಿಯುತ್ತಾರೆ. ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು, ಬಿರುಕು ಬಿಟ್ಟರೆ ಸಂದಿಯಲ್ಲಿ ಬಿಡಬೇಕು ಎಂಬ ಹಳೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕೂದಲೆಳೆ ಬಿರುಕನ್ನು ಸುಣ್ಣ ಮಳೆನೀರಲ್ಲಿ ಕರಗಿ ತಾನೇ ತುಂಬಿಕೊಳ್ಳುತ್ತದೆ. ಸಿಮೆಂಟಿಗೆ ಆ ಗುಣ ತೀರ ಕಡಿಮೆ.

ಇನ್ನು ಬಾಡಿಗೆದಾರರ ಪಾಲು. ಷಟರ್ ಕೂರಿಸಲು ಕಮಾನಿನ ಕಾಲನ್ನು ನಾಲ್ಕು ಇಂಚು ಕೆತ್ತುವುದು, ಅಟ್ಟಕ್ಕೆಂದು ಗೋಡೆಯಲ್ಲಿ ಸಾಲು ತೂತು ಕೊರೆಯುವುದು, ಎರಡು ಅಂಗಡಿ ಸೇರಿಸಲು ನಡುಗೋಡೆ ತೆಗೆಯುವುದು. ಕಮಾನು ಸಾಲಿನಲ್ಲಿ ಪ್ರತಿ ಕಮಾನೂ ಪಕ್ಕದ್ದನ್ನು ತಳ್ಳುತ್ತಿರುತ್ತದೆ, ಪಕ್ಕದ್ದು ತಿರುಗಿ ತಳ್ಳುವುದರಿಂದಲೇ ಎಲ್ಲವೂ ನಿಂತಿರುತ್ತವೆ. ಒಂದರ ಕಾಲು ಸೊರಗಿದರೆ ಬೀಳುವುದು ಅದೇ ಆಗಬೇಕಿಲ್ಲ. ಸಾಲಿನ ತುದಿಯಲ್ಲಿ ಆಸರೆಯಿಲ್ಲದ ಇನ್ನೊಂದು ಬೀಳಬಹುದು. ರಸ್ತೆಯದೂ ತಪ್ಪಿದೆ. ಪ್ರತಿ ಸಲ ಹಳೆಯ ಡಾಂಬರು ಕೆರೆಯದೆ ಮೇಲೆ ಮೇಲೆ ಹಾಕಿ ರಸ್ತೆ ಎತ್ತರವಾಗಿ, ಮೂರು ಮೆಟ್ಟಿಲಿನ ಜಗಲಿಗಳು ರಸ್ತೆಗೆ ಸಮವಾಗಿವೆ. ಚರಂಡಿಗೆ ಹೋಗಬೇಕಾದ ನೀರು ಈಗ ತಳಪಾಯಕ್ಕೆ ಹೋಗುತ್ತದೆ. ಜಗಲಿ ಮುಳುಗಿದರೆ ಸಂಜೆ ಅಲ್ಲಿ ಕೂರುವವರೂ ಇಲ್ಲವಾಗುತ್ತಾರೆ. ಗೋಡೆಗೆ ಬಂದ ರೋಗ ಬೀದಿಯ ಮಾತುಕತೆಗೂ ಬಂದಂತೆ.

ಅರಳಿ ಗಿಡದ ವಿಷಯಕ್ಕೆ ಒಂದು ಮಾತು. ಗೋಡೆಯಲ್ಲಿ ಎದ್ದ ಅರಳಿ ಸಸಿಯನ್ನು ಜಗ್ಗಿ ಕೀಳುವುದು ತಪ್ಪು. ಅರ್ಧ ಬೇರು ಒಳಗುಳಿದು ಮತ್ತೆ ದಪ್ಪವಾಗಿ ಚಿಗುರುತ್ತದೆ, ಕಿತ್ತ ಕಡೆ ಇಟ್ಟಿಗೆಗಳು ಸಡಿಲಾಗಿ ನೀರಿಗೆ ಬಾಗಿಲು ತೆರೆಯುತ್ತದೆ. ಕಾಂಡ ಕತ್ತರಿಸಿ, ಹಸಿ ಗಾಯಕ್ಕೆ ಆ ಕೂಡಲೇ ಕಳೆನಾಶಕ ಹಚ್ಚಿ, ಬೇರು ಸಂಪೂರ್ಣ ಸತ್ತು ಒಣಗಿದ ಮೇಲೆ ಬಿಡಿಸಿ ತೆಗೆದು, ಟೊಳ್ಳಿಗೆ ಸುಣ್ಣದ ತೆಳು ಗಾರೆ ತುಂಬಬೇಕು.

ದುರಸ್ತಿಯ ಕ್ರಮವೂ ಇದೇ ತಾಳ್ಮೆಯದು. ಮೊದಲು ನೀರು ನಿಲ್ಲಿಸುವುದು, ಬಣ್ಣ ಬಳಿಯುವುದು ಕಟ್ಟಕಡೆಗೆ. ಬಿರುಕಿನ ಮೇಲೆ ಗಾಜಿನ ಪಟ್ಟಿಯನ್ನು ಜಿಪ್ಸಮ್ಮಿನಿಂದ ಅಂಟಿಸಿ ತಾರೀಕು ಬರೆದರೆ ಅದು ಬೆಳೆಯುತ್ತಿದೆಯೇ, ನಿಂತುಹೋದದ್ದೇ ಎಂದು ತಿಳಿಯುತ್ತದೆ. ಗಾಜು ಒಡೆದರೆ ಬೆಳೆಯುತ್ತಿದೆ. ಇದನ್ನು ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಅಷ್ಟರವರೆಗೆ ತೊಲೆಗಳಿಗೆ ಜಾಕಿ ಆಸರೆ. ಹಳೆಯ ಗಾರೆಯ ತುಂಡನ್ನು ಆಮ್ಲದಲ್ಲಿ ಕರಗಿಸಿದರೆ ಸುಣ್ಣ ಹೋಗಿ ಮರಳು, ಸುರ್ಕಿ ತಳದಲ್ಲಿ ಉಳಿಯುತ್ತವೆ. ತೂಗಿದರೆ ಅಂದಿನ ಪಾಲು ಸುಮಾರಾಗಿ ಸಿಕ್ಕೀತು. ಸಂದಿಗಳನ್ನು ಅಗಲದ ಎರಡು ಪಟ್ಟು ಆಳಕ್ಕೆ ಕೈಯುಳಿಯಿಂದ ಕೆರೆದು (ಗ್ರೈಂಡರ್ ಹಿಡಿದರೆ ಇಟ್ಟಿಗೆಯ ಅಂಚು ಹೋಗುತ್ತದೆ), ನೀರು ಕುಡಿಸಿ, ಹೊಸ ಗಾರೆ ಒತ್ತಬೇಕು. ಕುಂಬಾದ ತೊಲೆಯ ತುದಿಯನ್ನಷ್ಟೇ ಕತ್ತರಿಸಿ ಉಕ್ಕಿನ ಪಟ್ಟಿಯಿಂದ ಹೊಸ ಮರ ಬೆಸೆಯಬಹುದು. ಇಡೀ ತೊಲೆ ಬದಲಿಸುವ ಅಗತ್ಯ ಎಲ್ಲ ಕಡೆ ಬರುವುದಿಲ್ಲ. ಗೋಡೆಯೊಳಗೆ ಕೂರಿಸುವಾಗ ತುದಿಯ ಸುತ್ತ ಒಂದು ಇಂಚು ಗಾಳಿಗೆ ಬಿಟ್ಟರೆ ಅದು ಮತ್ತೆ ಕುಂಬಾಗದು.

ಕೆಡವಿ ಅದೇ ಮುಖದಲ್ಲಿ ಹೊಸದಾಗಿ ಕಟ್ಟೋಣ ಎಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ನಾಲ್ವರು ಸತ್ತಿದ್ದಾರೆ. ಗಾರೆಯ ಬದಲು ಮಣ್ಣು ತುಂಬಿದ್ದು, ನೀರಿಳಿದು ಆ ಮಣ್ಣೇ ತೊಳೆದುಹೋದ ಗೋಡೆಯನ್ನು ಪರಂಪರೆಯ ಹೆಸರಿನಲ್ಲಿ ನಿಲ್ಲಿಸಿಕೊಳ್ಳುವುದು ಮೂರ್ಖತನ. ಅಲ್ಲದೆ ಮೈಸೂರು ಹೆಮ್ಮೆಪಡುವ ಅರಮನೆಯೇ ಹಳೆಯದು ಸುಟ್ಟ ಮೇಲೆ ಬೇರೆ ಸಾಮಗ್ರಿಯಲ್ಲಿ ಕಟ್ಟಿದ್ದು. ಮರ ಹೋಗಿ ಕಲ್ಲು, ಇಟ್ಟಿಗೆ, ಕಬ್ಬಿಣ ಬಂದರೂ ಜನ ಅದನ್ನು ಪರಕೀಯ ಎನ್ನಲಿಲ್ಲ. ಆದರೆ ಅಂದು ಬದಲಾದದ್ದು ಸಾಮಗ್ರಿ, ಉಳಿದದ್ದು ಬದುಕುವ ಕ್ರಮ: ತೊಟ್ಟಿ, ಬಾಗಿಲು, ದರ್ಬಾರು ಕಾಣುವ ಬಯಲು. ಇಂದಿನ ಪ್ರಸ್ತಾವಗಳಲ್ಲಿ ಬಹುಪಾಲು ಇದರ ತದ್ವಿರುದ್ಧ: ಮುಂದಿನ ಕಮಾನಿನ ಚಿತ್ರ ಹಾಗೇ, ಹಿಂದೆ ಕಾಂಕ್ರೀಟು ಕಂಬಗಳ ಚೌಕುಳಿ, ಕೆಳಗೆ ಪಾರ್ಕಿಂಗ್. ಕಂಬದಿಂದ ಕಂಬಕ್ಕೆ ಹದಿನೈದು ಇಪ್ಪತ್ತು ಅಡಿಯಾದಾಗ ಅಂಗಡಿಯ ಅಗಲ ಬದಲಾಗುತ್ತದೆ, ಬಾಡಿಗೆ ಬದಲಾಗುತ್ತದೆ, ಕಟ್ಟೆಯ ಮೇಲೆ ಕೂತು ಮೊಳ ಹಾಕುವವಳಿಗೆ ಕೌಂಟರಿನ ಹಿಂದೆ ನಿಲ್ಲಲು ಜಾಗ ಸಿಗುವುದಿಲ್ಲ. ಬೇಲೂರನ್ನು ಒಳಗೆ ನೋಡು, ಹಳೇಬೀಡನ್ನು ಹೊರಗೆ ನೋಡು ಎಂಬ ಮಾತಿದೆಯಲ್ಲ; ಮೈಸೂರಿನ ಮಾರುಕಟ್ಟೆಯನ್ನು ಹೊರಗಿನಿಂದಷ್ಟೇ ನೋಡಿ ನಕ್ಷೆ ಬರೆದರೆ ಹೀಗಾಗುತ್ತದೆ. ಪುನರ್ನಿರ್ಮಾಣದ ಯಾವ ನಕ್ಷೆ ಮುಂದೆ ಬಂದರೂ ಮುಖಚಿತ್ರವನ್ನು ಪಕ್ಕಕ್ಕಿಟ್ಟು ಮೊದಲು ಕೇಳಬೇಕಾದ್ದು ಮೂರು: ಅಂಗಡಿ ಎಷ್ಟು ಅಡಿ, ಕಟ್ಟೆ ಎಷ್ಟು ಎತ್ತರ, ಕಮಾನಿನ ಕೆಳಗಿನ ನೆರಳು ಯಾರ ಲೆಕ್ಕಕ್ಕೆ.

ದುರಸ್ತಿಯನ್ನೇ ಆರಿಸಿಕೊಂಡರೂ ತೊಡಕಿದೆ. ಸುಣ್ಣಕ್ಕೆ ನೆನೆಯಲು ವಾರಗಳು ಬೇಕು, ಕಲ್ಲಾಗಲು ತಿಂಗಳುಗಳು ಬೇಕು. ಟೆಂಡರಿಗೆ ಮಾರ್ಚ್ 31ರೊಳಗೆ ಬಿಲ್ಲು ಆಗಬೇಕು. ಜನವರಿಯಲ್ಲಿ ಕಾಮಗಾರಿ ಆದೇಶ ಕೈಗೆ ಬಂದ ಗುತ್ತಿಗೆದಾರ ಗಾರೆಗೆ ಸಿಮೆಂಟು ಬೆರೆಸದೆ ಬೇರೆ ದಾರಿ ಕಾಣನು. ಕೆಲಸದ ಆದೇಶಕ್ಕೆ ಆರು ತಿಂಗಳು ಮೊದಲೇ ಸುಣ್ಣದ ಗುಂಡಿ ತೆಗೆಸಿಡುವುದನ್ನು ಪ್ರತ್ಯೇಕ ಬಾಬತ್ತಾಗಿ ಸೇರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ. ಇನ್ನುಳಿದದ್ದಕ್ಕೆ ಮೇ ತಿಂಗಳ ಎರಡನೇ ವಾರ, ಮೊದಲ ದೊಡ್ಡ ಮಳೆಗೆ ಮುನ್ನ, ಪ್ರತಿ ತಾರಸಿಗೂ ಒಬ್ಬ ಆಳು, ಒಂದು ಏಣಿ, ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡ ಎಲೆ ತೆಗೆಯಲು ಒಂದು ಕೊಕ್ಕೆ ಕೋಲು.